ಹನ್ನೊಂದು ತಿಂಗಳ ‘ಮೇಲಿನಂತೆ’

ಬ್ಯಾಂಕಿಗೆ ಹೊಸದಾಗಿ ಸೇರಿದವರು ಯಾರಾದರೂ ಸಿಕ್ಕಿದರೆ ನಾನು ಮೊದಲು ಕೇಳುವುದು ಯಾವ ವಿಭಾಗ ಎಂದು. ವಿದೇಶಿ ವಿನಿಮಯ ಅಂದರೆ ಮಾತು ಬದಲಿಸುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಅದೇ ವಿಭಾಗದಲ್ಲಿ ಕೂತು ಸವೆದವನು ನಾನು. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆ ದಿನ ಯಾರು ಎಷ್ಟು ಹೊಗಳಿದರು ಅನ್ನುವುದನ್ನು ಬರೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅವತ್ತು ನನಗೆ ಹೊದಿಸಿದ ಶಾಲು ಈಗ ನಮ್ಮ ಮನೆಯ ಇಸ್ತ್ರಿ ಮೇಜಿನ ಮೇಲೆ ಹಾಸಿದೆ, ಅದರ ಕತೆ ಅಲ್ಲಿಗೆ ಮುಗಿಯಿತು.

ಇದನ್ನು ಬರೆಯುವುದಕ್ಕೆ ಕಾರಣ ಶೈಲಾ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವ ಹುಡುಗಿ, ಬಾಗಲಕೋಟೆ ಕಡೆಯವಳು. ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಸೇರಿ ವರ್ಷವೂ ಆಗಿಲ್ಲ, ಅವಳನ್ನು ಕೂರಿಸಿರುವುದು ವಿದೇಶಿ ವಿನಿಮಯದಲ್ಲೇ. ಸಂಜೆ ಗೇಟಿನ ಹತ್ತಿರ ಸಿಕ್ಕಾಗಲೆಲ್ಲ ಏನಾದರೂ ಕೇಳುತ್ತಾಳೆ.

“ಅಂಕಲ್, ನಿಮ್ಮ ಕಾಲದಾಗ ರೇಟ್ ಹೆಂಗ ತಗೀತಿದ್ರಿ? ಕಂಪ್ಯೂಟರ್ ಇರಲಿಲ್ಲಲ್ರಿ?”

“ಪುಸ್ತಕ ಇತ್ತಮ್ಮ,” ಅಂದೆ. ಅಷ್ಟೇ ಹೇಳಿ ಒಳಗೆ ಬಂದುಬಿಟ್ಟೆ. ಆ ಪುಸ್ತಕದ ವಿಷಯ ಗೇಟಿನ ಹತ್ತಿರ ನಿಂತು ಹೇಳುವಂಥದ್ದಲ್ಲ. ಆದ್ದರಿಂದ ಈಗ ಕೂತು ಬರೆಯುತ್ತಿದ್ದೇನೆ, ಓದಿದರೆ ಓದಲಿ.

ಬೆಳಿಗ್ಗೆ ಟೆಲೆಕ್ಸ್ ಯಂತ್ರ ಕಟಕಟ ಅನ್ನುತ್ತಿದ್ದ ಹಾಗೆ ನಮ್ಮ ದಿನ ಶುರು. ಮುಂಬಯಿಯಿಂದ ಡಾಲರು, ಪೌಂಡು, ಮಾರ್ಕು, ಯೆನ್ನಿನ ದರ ಬರುತ್ತಿತ್ತು. ಅದನ್ನು ಹರಿದುಕೊಂಡು ಬಂದು, ದೊಡ್ಡ ಅಗಲದ ದರದ ರಿಜಿಸ್ಟರಿನಲ್ಲಿ ಒಂದೊಂದು ನಾಣ್ಯದ ಮುಂದೆ ಒಂದೊಂದು ಅಂಕಿ ಬರೆಯಬೇಕು. ಕೆಳಗೆ ನನ್ನ ಚಿಕ್ಕ ಸಹಿ, ಅದರ ಪಕ್ಕದಲ್ಲಿ ಮೇಲಧಿಕಾರಿಯ ಚಿಕ್ಕ ಸಹಿ. ಅವೆರಡು ಬಿದ್ದ ಮೇಲೆ ಆ ಅಂಕಿ ದೇವರು ಬಂದರೂ ಬದಲಾಗುತ್ತಿರಲಿಲ್ಲ.

ಪುಟದ ಕೊನೆಯಲ್ಲಿ ಇನ್ನೂ ಹತ್ತಿಪ್ಪತ್ತು ದೇಶಗಳ ಹೆಸರು ಇರುತ್ತಿತ್ತು. ಕೆನ್ಯಾದ ಶಿಲ್ಲಿಂಗು, ಟಾಂಜಾನಿಯಾದ ಶಿಲ್ಲಿಂಗು, ಜಾಂಬಿಯಾದ ಕ್ವಾಚಾ, ಇಥಿಯೋಪಿಯಾದ ಬಿರ್ರು. ನಮ್ಮ ಸೊಕ್ಕು ನೋಡಿ, ಅವಕ್ಕೆ ನಾವು ಇಟ್ಟಿದ್ದ ಹೆಸರು ‘ಚಿಲ್ಲರೆ ಅಂಗಡಿ’. ನಮ್ಮ ರೂಪಾಯಿಯೇನೋ ಭಾರೀ ಸಾಹುಕಾರ ಅನ್ನುವ ಹಾಗೆ. ಅವುಗಳ ದರ ಟೆಲೆಕ್ಸಿನಲ್ಲಿ ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಲಂಡನ್ನಿನ ನಮ್ಮ ಶಾಖೆಯಿಂದ ತೆಳ್ಳನೆಯ ಕಾಗದದಲ್ಲಿ ಒಂದು ಪಟ್ಟಿ ಅಂಚೆಯಲ್ಲಿ ಬರುತ್ತಿತ್ತು. ಅದನ್ನು ನೋಡಿ ತುಂಬಬೇಕು. ಚಿಲ್ಲರೆ ಅಂಗಡಿಯನ್ನು ತುಂಬುವುದು ವಿಭಾಗದಲ್ಲಿ ಎಲ್ಲರಿಗಿಂತ ಕಿರಿಯನ ಕೆಲಸ. ಐದು ವರ್ಷ ಆ ಕಿರಿಯ ನಾನೇ ಆಗಿದ್ದೆ.

ಇಂಥ ಎರಡು ಸಣ್ಣ ನಾಣ್ಯಗಳಿಗೆ ನೇರವಾಗಿ ಸಂಬಂಧವೇ ಇರುವುದಿಲ್ಲ. ಕೆನ್ಯಾ, ಟಾಂಜಾನಿಯಾ ಅಕ್ಕಪಕ್ಕದ ಮನೆಗಳು, ಬೇಲಿ ಒಂದೇ. ಆದರೂ ಇದರ ಒಂದು ಶಿಲ್ಲಿಂಗಿಗೆ ಅದರ ಎಷ್ಟು ಎಂದು ತಿಳಿಯಬೇಕಾದರೆ ಮೊದಲು ಇದನ್ನು ಪೌಂಡಿಗೆ ತಿರುಗಿಸಿ, ಆಮೇಲೆ ಪೌಂಡನ್ನು ಅದಕ್ಕೆ ತಿರುಗಿಸಬೇಕು. ಇಬ್ಬರು ಬಡವರು ಮಾತಾಡಿಕೊಳ್ಳಬೇಕಾದರೂ ಸಾಹುಕಾರನ ಹಜಾರ ಹಾದು ಹೋಗಬೇಕು. ಈಗಲೂ ಅಷ್ಟೇ, ಪೌಂಡಿನ ಜಾಗದಲ್ಲಿ ಡಾಲರು ಕೂತಿದೆ.

ನನ್ನ ಮೇಲಧಿಕಾರಿ ವೆಂಕೋಬರಾಯರು. ಅಂಕಿ ದುಂಡಗೆ ಇರಬೇಕು, ಶಾಯಿ ಚೆಲ್ಲಬಾರದು, ಹೊಡೆದುಹಾಕಿ ತಿದ್ದಬಾರದು. ಎಲ್ಲಕ್ಕಿಂತ ಮುಖ್ಯವಾಗಿ ರಿಜಿಸ್ಟರಿನಲ್ಲಿ ಒಂದು ಮನೆಯೂ ಖಾಲಿ ಇರಬಾರದು. ಲಂಡನ್ನಿನ ಪಟ್ಟಿ ಅಂಚೆಯಲ್ಲಿ ಕಳೆದುಹೋದ ವಾರ ನಾನು ಚಿಲ್ಲರೆ ಅಂಗಡಿಯನ್ನು ಖಾಲಿ ಬಿಟ್ಟಿದ್ದೆ. ಅವರು ಇಡೀ ವಿಭಾಗಕ್ಕೆ ಕೇಳುವ ಹಾಗೆ ಕರೆದರು.

“ಏನ್ರೀ ಶ್ರೀಕಂಠಯ್ಯ, ಇದೇನು ರಿಜಿಸ್ಟರೋ, ಹಲ್ಲು ಬಿದ್ದ ಬಾಯೋ? ಖಾಲಿ ಕಂಡ್ರೆ ಇನ್ಸ್‌ಪೆಕ್ಷನ್ನೋರಿಗೆ ಹಬ್ಬ. ನಿಮಗಲ್ಲ, ನನಗೆ ಬರೆಯೋದು ಅವರು.”

“ಪಟ್ಟಿ ಬಂದಿಲ್ಲ ಸಾರ್.”

“ಬರದೇ ಇದ್ರೆ ಮೇಲಿನಂತೆ ಅಂತ ಎರಡು ಗೀಟು ಹಾಕ್ರಿ. ಟಾಂಜಾನಿಯಾದ ರೇಟ್ ಕೇಳಿಕೊಂಡು ನಿಮ್ಮ ರಾಜಾಜಿನಗರದಿಂದ ಯಾರು ಬರ್ತಾರೆ?”

ಎಲ್ಲರೂ ನಕ್ಕರು. ಆಗ ರಾಜಾಜಿನಗರದಲ್ಲೇ ಮನೆ ಮಾಡಿದ್ದ ನಾನೂ ನಕ್ಕೆ. ಆವತ್ತಿನಿಂದ ಪಟ್ಟಿ ಬರದಿದ್ದರೆ ಎರಡು ಗೀಟು, ಹಿಂದಿನ ಸಲದ ಅಂಕಿಯೇ ಈಗಲೂ ಎಂದು. ಬಂದರೂ, ಹೋದ ವಾರದಷ್ಟೇ ಇರುತ್ತದೆ ಅನ್ನಿಸಿದರೆ ನೋಡುವ ಗೋಜಿಗೆ ಹೋಗದೆ ಎರಡು ಗೀಟು. ಕೈಗೆ ಎಷ್ಟು ಬೇಗ ಒಗ್ಗಿತೆಂದರೆ ಪುಟದ ಕೆಳಭಾಗವನ್ನು ಅರ್ಧ ನಿಮಿಷದಲ್ಲಿ ಮುಗಿಸಿ ಕಾಫಿಗೆ ಏಳುತ್ತಿದ್ದೆ.

ಎಂಬತ್ತರ ದಶಕದ ನಡುವಿನಲ್ಲಿ ಒಂದು ವಾರ ಪಟ್ಟಿ ಬಂದಾಗ ಟಾಂಜಾನಿಯಾದ ಶಿಲ್ಲಿಂಗಿನ ಮುಂದೆ ಹಿಂದೆಂದೂ ಕಾಣದ ಅಂಕಿ ಇತ್ತು. ಅದರ ಬೆಲೆ ಒಂದೇ ಏಟಿಗೆ ಪಾತಾಳಕ್ಕೆ ಇಳಿದಿತ್ತು. ನಾನು ಅದನ್ನು ಟೈಪು ಮಾಡಿದವನ ತಪ್ಪು ಅಂದುಕೊಂಡೆ. ವೆಂಕೋಬರಾಯರಿಗೆ ತೋರಿಸಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಮಿಸ್ಟೇಕ್ ಇರುತ್ತೆ, ಮೇಲಿನಂತೆ ಹಾಕ್ರಿ, ಮುಂದಿನ ವಾರ ಸರಿ ಮಾಡ್ತಾರೆ” ಅಂದರು. ಮುಂದಿನ ವಾರವೂ ಅದೇ ಅಂಕಿ. ಆಗ ತಿದ್ದಿದರೆ ಹಿಂದಿನ ವಾರದ್ದು ತಪ್ಪು ಎಂದು ಒಪ್ಪಿಕೊಂಡಂತೆ. ಅದರ ಮುಂದಿನ ವಾರ ತಿದ್ದಿದರೆ ಎರಡು ವಾರದ್ದು. ಹೀಗೆ ಮುಂದೂಡಿ ಮುಂದೂಡಿ ಹನ್ನೊಂದು ತಿಂಗಳು ಗೀಟು ಹಾಕಿದೆ. ಹೊಸ ರಿಜಿಸ್ಟರು ಶುರುವಾದ ದಿನ ಮೊದಲ ಪುಟದಲ್ಲಿ ಸದ್ದಿಲ್ಲದೆ ಸರಿಯಾದ ಅಂಕಿ ಬರೆದುಬಿಟ್ಟೆ. ಹೊಸ ಪುಸ್ತಕದ ಮೊದಲ ಪುಟದಲ್ಲಿ ‘ಮೇಲೆ’ ಅನ್ನುವುದೇ ಇರುವುದಿಲ್ಲವಲ್ಲ. ರಾಯರು ನೋಡಿ ಸಹಿ ಹಾಕಿದರು.

ಅದಾಗಿ ಎರಡು ವರ್ಷಕ್ಕೆ ಪುಟ್ಟಸ್ವಾಮಿ ಬಂದರು.

ಹೇರೋಹಳ್ಳಿಯವರು. ಬಿನ್ನಿಪೇಟೆ ಕಡೆ ಮಗ್ಗದ ಫಿಟ್ಟರ್ ಆಗಿದ್ದವರು, ಯಾರೋ ಹೇಳಿದರು ಎಂದು ಟಾಂಜಾನಿಯಾದ ಒಂದು ಬಟ್ಟೆ ಗಿರಣಿಗೆ ಮೂರು ವರ್ಷದ ಕರಾರಿನ ಮೇಲೆ ಹೋಗಿದ್ದರು. ತೋಳು ಇಳಿಬಿಟ್ಟ ಬಿಳೀ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕೌಂಟರಿನ ಮುಂದೆ ನಿಂತು ಅವರು ಆಡಿದ ಮೊದಲ ಮಾತು ನನಗೆ ಇನ್ನೂ ನೆನಪಿದೆ.

“ಸಾರ್, ನಂಗೆ ದುಡ್ಡು ಬ್ಯಾಡ. ಒಂದು ಕಾಗ್ದ ಬೇಕು.”

ಕೂರಿಸಿ ಕೇಳಿದೆ. ಅವರ ಸಂಬಳ ಟಾಂಜಾನಿಯಾದ ಶಿಲ್ಲಿಂಗಿನಲ್ಲಿ. ಆ ದೇಶದಿಂದ ಹೊರಗೆ ಹಣ ಕಳಿಸುವುದಕ್ಕೆ ಬಿಗಿ ಇದ್ದದ್ದರಿಂದ, ಗಿರಣಿಯವರು ಸಂಬಳವನ್ನು ಪಕ್ಕದ ಕೆನ್ಯಾದ ತಮ್ಮ ಕಚೇರಿಯ ಮೂಲಕ ಅಲ್ಲಿನ ಶಿಲ್ಲಿಂಗಿಗೆ ತಿರುಗಿಸಿ ಕೊಡುತ್ತಿದ್ದರು. ಅಲ್ಲಿಂದ ಡ್ರಾಫ್ಟು ಹೇರೋಹಳ್ಳಿಗೆ, ಹೆಂಡತಿ ಜಯಮ್ಮನ ಹೆಸರಿಗೆ. ಮೊದಲ ಎರಡು ವರ್ಷ ಮನೆಯವರು ಹಿಗ್ಗುವಷ್ಟು ಬಂತು. ಮೂರನೆಯ ವರ್ಷ ಇದ್ದಕ್ಕಿದ್ದಂತೆ ಅರ್ಧಕ್ಕಿಂತ ಕಡಿಮೆ ಆಯಿತು, ಅವರು ವಾಪಸು ಬರುವವರೆಗೂ ಹಾಗೇ ಇತ್ತು.

“ಅಲ್ಲಿನ ದುಡ್ಡು ಬಿದ್ದೋಯ್ತು ಸಾರ್. ಸಂಬ್ಳ ಅಷ್ಟೇ, ಈಚೆ ಬಂದ್ರೆ ಮೂರು ಕಾಸು. ಅದನ್ನ ಹೇಳಿದ್ರೆ ಮನೇಲಿ ಯಾರೂ ನಂಬಲ್ಲ. ನಮ್ ಭಾಮೈದ ಅಂತಾನೆ, ದುಡ್ಡು ಎಲ್ಲಾದ್ರೂ ಬೀಳ್ತದಾ, ಅಲ್ಲಿ ಇನ್ನೊಂದು ಸಂಸಾರ ಅದೆ, ಅದ್ಕೆ ಹೋಗ್ತಿತ್ತು ಅಂತ. ನಮ್ಮನೇವ್ಳೂ ಅದ್ನೇ ನಂಬವ್ಳೆ.”

“ಗಿರಣಿಯವರಿಗೆ ಬರೆದಿದ್ರಾ?”

“ಮೂರು ಕಾಗ್ದ ಹಾಕ್ದೆ ಸಾರ್, ಜವಾಬಿಲ್ಲ. ಕೈ ಬದಲಾಯ್ತಂತೆ ಗಿರಣಿ. ಕೊನೆಗೆ ಹಿರೀಕ್ರು ಕೂತು ಒಂದು ಮಾತು ಅಂದ್ರು. ಬ್ಯಾಂಕಿಂದ ಕಾಗ್ದ ತತ್ತಾ, ಆ ತಿಂಗಳಲ್ಲಿ ಆ ದೇಶದ ದುಡ್ಡಿಗೂ ಈ ದೇಶದ ದುಡ್ಡಿಗೂ ಲೆಕ್ಕ ಏನಿತ್ತು ಅಂತ ಸೀಲ್ ಹಾಕಿ ಬರ್ದಿರ್ಲಿ, ಒಪ್ಕೋತೀವಿ ಅಂತ. ಜಯಾನೂ ಹೂಂ ಅಂದವ್ಳೆ.”

ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ತಿಂಗಳುಗಳನ್ನು ಒಂದರ ಕೆಳಗೊಂದು ಬರೆಸಿದ್ದರು. ಹನ್ನೊಂದು ತಿಂಗಳು. ಹೆದರಿದೆ. ಸುಳ್ಳು ಹೇಳುವುದಿಲ್ಲ, ಅವರ ಸಂಸಾರಕ್ಕೆ ಏನಾಗುತ್ತದೋ ಎಂದಲ್ಲ, ನನಗೆ ಏನಾಗುತ್ತದೋ ಎಂದು.

ರೆಕಾರ್ಡು ಕೋಣೆಯಲ್ಲಿ ಹಳೇ ರಿಜಿಸ್ಟರು ಹುಡುಕಿ ತೆಗೆದೆ. ನನ್ನದೇ ಗೀಟುಗಳು, ಪುಟ ತಿರುವಿದಷ್ಟೂ. ಕೆನ್ಯಾದ ಸಾಲಿನಲ್ಲೂ ಗೀಟು, ಟಾಂಜಾನಿಯಾದ ಸಾಲಿನಲ್ಲೂ ಗೀಟು. ಆ ಪುಸ್ತಕವನ್ನು ನಂಬಿದರೆ ಹನ್ನೊಂದು ತಿಂಗಳು ಎರಡು ದೇಶಗಳ ದುಡ್ಡೂ ಕೂತಲ್ಲೇ ಕೂತಿತ್ತು. ಪುಟ್ಟಸ್ವಾಮಿ ಕಳ್ಳ. ಲಂಡನ್ನಿನ ಪಟ್ಟಿಗಳು ಆ ವೇಳೆಗೆ ರದ್ದಿಗೆ ಹೋಗಿದ್ದವು.

ವೆಂಕೋಬರಾಯರು ಆಗ ಮ್ಯಾನೇಜರ್. ಕ್ಯಾಬಿನ್ನಿಗೆ ರಿಜಿಸ್ಟರು ಹೊತ್ತುಕೊಂಡು ಹೋಗಿ ನಡೆದದ್ದನ್ನು ಹೇಳಿದೆ.

“ಲಂಡನ್ನಿಗೆ ಬರೆದ್ರೆ ಹಳೇ ಪಟ್ಟಿ ಕಳಿಸ್ತಾರೆ ಸಾರ್. ತಿಂಗಳೆರಡು ತಿಂಗಳು ಆಗಬಹುದು.”

“ಬರೆದ್ರೆ ಅವರು ಕೇಳೋಲ್ವೇನ್ರೀ, ನಿಮ್ಮ ಹತ್ರ ಇಲ್ವಾ ಅಂತ? ಆಮೇಲೆ ಆ ವರ್ಷದ ಅಷ್ಟೂ ಪುಟ ತೆಗೀತಾರೆ. ಕೆಳಗೆ ಯಾರ್ಯಾರ ಸಹಿ ಇದೆ ನೋಡಿದೀರಾ?”

ನೋಡಿದ್ದೆ. ಇಬ್ಬರದೂ ಇತ್ತು.

“ಅದರ ಮುಂದಿನ ತಿಂಗಳ ದರನಾದ್ರೂ ಸೇರಿಸಿ ಕೊಡೋಣ ಸಾರ್. ಒಂದೇ ಸಲ ಬಿದ್ದಿರೋದು ಕಾಣುತ್ತೆ, ಓದಿದೋರಿಗೆ ಅನುಮಾನನಾದ್ರೂ ಬರುತ್ತೆ.”

“ಕೇಳಿದ್ದಷ್ಟು ಕೊಡ್ರಿ. ‘ನಮ್ಮ ದಾಖಲೆಗಳ ಪ್ರಕಾರ’ ಅಂತ ಶುರು ಮಾಡಿ. ದಾಖಲೆ ಹಾಗೇ ಇದೆಯಲ್ಲ, ನಾವು ಸುಳ್ಳು ಹೇಳಿದ ಹಾಗೇನೂ ಆಗೋಲ್ಲ.”

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ನಾವು ಆ ಮೀಸೆ ಒರೆಸುವುದಕ್ಕೆ ಇನ್ನೊಬ್ಬನ ಪಂಚೆ ಎಳೆದೆವು. ನಾನೇ ಟೈಪು ಮಾಡಿಸಿದೆ, ನಾನೇ ಸಹಿ ಹಾಕಿದೆ, ನಾನೇ ಸೀಲು ಒತ್ತಿದೆ. ಮನೆಯಲ್ಲಿ ಮಗುವಿಗೆ ಆರು ತಿಂಗಳು, ವಿಚಾರಣೆ ಅಂತ ಆದರೆ ಏನು ಗತಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಗುವನ್ನು ಎಷ್ಟು ಜನ ಎಷ್ಟು ಸಲ ಹೀಗೆ ಅಡ್ಡ ಹಿಡಿದಿರುತ್ತಾರೋ.

ಪುಟ್ಟಸ್ವಾಮಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅಂಕಿ ಬರುತ್ತಿತ್ತು. ಕಾಗದದ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿಸಿದರು, ಮತ್ತೆ ಕೆಳಗಿನಿಂದ ಮೇಲೆ ಹೋದರು.

“ಎಲ್ಲಾ ಒಂದೇ ಅದಲ್ಲ ಸಾರ್.”

“ನಮ್ಮ ದಾಖಲೆ ಪ್ರಕಾರ ಹಾಗಿದೆ.”

“ಬಿದ್ದಿತ್ತು ಸಾರ್. ನಾನು ಅಲ್ಲೇ ಇದ್ನಲ್ಲ. ಸಕ್ರೆ ತಗಳಕ್ಕೆ ಹೋದ್ರೆ ಒಂದು ಕಂತೆ ದುಡ್ಡು ಕೊಡ್ಬೇಕಾಗಿತ್ತು.”

ನಾನು ಮುಂದಿನವರನ್ನು ಕರೆದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು, “ಬರ್ತೀನಿ ಸಾರ್” ಎಂದು ಹೋದರು. ಅದನ್ನು ಹರಿದು ಹಾಕಬಹುದಿತ್ತು, ಬ್ಯಾಂಕಿನವರು ಕೊಡಲಿಲ್ಲ ಅನ್ನಬಹುದಿತ್ತು. ಹಾಗೆ ಮಾಡುವ ಮನುಷ್ಯ ಅಲ್ಲ. ತೆಗೆದುಕೊಂಡು ಹೋಗಿ ಹಿರಿಯರ ಮುಂದೆ ಇಟ್ಟರಂತೆ.

ಮುಂದೆ ಕೆಲವು ವರ್ಷಕ್ಕೆ ನಮ್ಮ ಕೆಲಸದ ರೀತಿಯೇ ತಿರುಗಿಬಿತ್ತು. ಅಲ್ಲಿಯವರೆಗೆ ನಾವು ಹೇಳುತ್ತಿದ್ದದ್ದು ನೂರು ರೂಪಾಯಿಗೆ ಎಷ್ಟು ಪೌಂಡು ಎಂದು, ಆಮೇಲೆ ಒಂದು ಪೌಂಡಿಗೆ ಎಷ್ಟು ರೂಪಾಯಿ ಎಂದು ಹೇಳಬೇಕಾಯಿತು. ಕೊಳ್ಳುವಾಗ ಹೆಚ್ಚು, ಮಾರುವಾಗ ಕಡಿಮೆ ಎಂದು ಬಾಯಿಪಾಠ ಮಾಡಿದ್ದವರಿಗೆ ಒಂದು ಬೆಳಿಗ್ಗೆಯಿಂದ ಎಲ್ಲ ಉಲ್ಟಾ. ಮೊದಲ ವಾರವೇ ನಾನು ಒಬ್ಬ ವಕೀಲರಿಗೆ ಕೊಳ್ಳುವ ದರದಲ್ಲಿ ಪೌಂಡು ಮಾರಿಬಿಟ್ಟೆ. ಅವತ್ತು ಸಾಯಂಕಾಲದೊಳಗೆ ಮುಂಬಯಿಯಿಂದ ಫೋನು, ವಿವರಣೆ ಕೇಳಿ ಪತ್ರ, ಇಡೀ ಕಚೇರಿಯಲ್ಲಿ ಗುಲ್ಲು. ನಾಲ್ಕು ಕಾಸಿನ ವ್ಯತ್ಯಾಸ. ಪೌಂಡಿನ ತಪ್ಪನ್ನು ಹಿಡಿಯುವುದಕ್ಕೆ ಊರೆಲ್ಲ ಕಣ್ಣು. ಟಾಂಜಾನಿಯಾದ ಹನ್ನೊಂದು ತಿಂಗಳನ್ನು ಯಾರೂ ಕೇಳಲಿಲ್ಲ.

ಅದೇ ಸುಮಾರಿನಲ್ಲಿ ಮಾಗಡಿ ರಸ್ತೆಯ ಬಸ್ ನಿಲ್ದಾಣದಲ್ಲಿ ಪುಟ್ಟಸ್ವಾಮಿ ಸಿಕ್ಕಿದರು. ನಾನು ಮುಖ ತಿರುಗಿಸುವಷ್ಟರಲ್ಲಿ ಅವರೇ ನಮಸ್ಕಾರ ಅಂದರು. ಕೈಯಲ್ಲಿ ಪುಟ್ಟ ಪೊಟ್ಟಣ, ನಾಲ್ಕು ಬದನೆಕಾಯಿ.

“ಇಷ್ಟೇನಾ ತರಕಾರಿ?” ಅಂದೆ, ಮಾತಿಗೆ.

“ಒಬ್ಬನಿಗೆ ಎಷ್ಟು ಬೇಕು ಸಾರ್.”

“ಮನೆಯವರು ಊರಿಗೆ ಹೋಗಿದಾರಾ?”

“ಇಲ್ಲ ಸಾರ್, ಮನೇಲೇ ಅವ್ಳೆ. ನನ್ನ ಒಲೆ ಬ್ಯಾರೆ.”

ದೂರಿನ ಸ್ವರ ಇರಲಿಲ್ಲ. ಮಳೆ ಬರಬಹುದು ಅಂದ ಹಾಗೆ ಅಂದರು. ಅಲ್ಲೇ ನಿಂತು ನಿಜ ಹೇಳುವುದಕ್ಕೆ ಎರಡು ನಿಮಿಷ ಸಾಕಿತ್ತು. ಅವರ ಬಸ್ಸು ಬರುವುದಕ್ಕೆ ಇಪ್ಪತ್ತು ನಿಮಿಷ ಆಯಿತು. ಅಷ್ಟು ಹೊತ್ತೂ ನಾನು ಬ್ಯಾಡರಹಳ್ಳಿ ಕಡೆ ಸೈಟುಗಳ ಬೆಲೆ ಎಷ್ಟಾಗಿದೆ ಎಂದು ಕೇಳುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ ಹಿರಿಯರು. ನಮ್ಮ ವಿಭಾಗದಲ್ಲಿ ಮಾಡಿದವನು ಒಬ್ಬ, ಉಂಡವನು ಇನ್ನೊಬ್ಬ, ಅದೂ ತಾನೇ ಬೇಯಿಸಿಕೊಂಡು.

ಕಂಪ್ಯೂಟರು ಬಂದಾಗ ಹಳೇ ರಿಜಿಸ್ಟರುಗಳನ್ನು ಲಾರಿಗೆ ತುಂಬಿ ಕಳಿಸಿದರು. ಪಟ್ಟಿ ಮಾಡಿ ಸಹಿ ಹಾಕಿದವನು ನಾನೇ. ಆ ವರ್ಷದ ಪುಸ್ತಕ ಹೋಗುವುದನ್ನು ನಿಂತು ನೋಡಿದೆ, ಹಗುರವೂ ಆಯಿತು. ಆ ಹಗುರವನ್ನು ನೆನೆದರೆ ಇವತ್ತು ನನ್ನ ಮೇಲೆ ನನಗೇ ಅಸಹ್ಯ. ವೆಂಕೋಬರಾಯರು ನಿವೃತ್ತರಾಗಿ, ತೀರಿಕೊಂಡು, ವೈಕುಂಠ ಸಮಾರಾಧನೆಯೂ ಆಯಿತು. ಹೋಳಿಗೆ ಊಟ ಮಾಡಿ ಬಂದೆ. ಆ ಹನ್ನೊಂದು ತಿಂಗಳು ಗೊತ್ತಿದ್ದವರು ಈಗ ಭೂಮಿಯ ಮೇಲೆ ನಾನೊಬ್ಬನೇ.

ಕಳೆದ ತಿಂಗಳು ಒಂದು ಭಾನುವಾರ ಶೈಲಾ ಫೋನು ಹಿಡಿದುಕೊಂಡು ಬಂದಳು. ಯಾವ ಎರಡು ದೇಶದ ನಾಣ್ಯ ಹಾಕಿದರೂ ಹಿಂದಿನ ದರವೆಲ್ಲ ಗೆರೆಯ ಹಾಗೆ ಬರುತ್ತದೆ ಎಂದು ತೋರಿಸಿದಳು. ನಾನು ಎರಡು ಶಿಲ್ಲಿಂಗು ಹಾಕಿಸಿದೆ. ಗೆರೆ ಬಂತು. ಅದು ಶುರುವಾಗುವುದೇ ಪುಟ್ಟಸ್ವಾಮಿ ವಾಪಸು ಬಂದ ಎಷ್ಟೋ ವರ್ಷದ ಮೇಲೆ. ಅದಕ್ಕೆ ಹಿಂದಿನದು ಅದರಲ್ಲಿ ಇಲ್ಲ.

“ನಡುವೆ ಒಂದು ದಿನ ರೇಟ್ ಬರದೇ ಇದ್ರೆ ನೀವೇನು ಮಾಡ್ತೀರಮ್ಮ?” ಎಂದು ಕೇಳಿದೆ.

“ನಾವೇನೂ ಮಾಡಂಗಿಲ್ರಿ ಅಂಕಲ್. ನಮ್ಮ ಆಫೀಸಿನ ಸಿಸ್ಟಮ್‌ನಾಗ ಹಿಂದಿನ ದಿನದ್ದು ತಾನ ಬಂದು ಕೂಡತದ. ಖಾಲಿ ಬಿಡಾಕ ಬರಂಗಿಲ್ಲ ಅದರಾಗ.”

ಯಂತ್ರಕ್ಕೂ ವೆಂಕೋಬರಾಯರೇ ಪಾಠ ಹೇಳಿಕೊಟ್ಟಿದ್ದಾರೆ. ಮಾರನೆಯ ದಿನ ಬೆಳಿಗ್ಗೆ ಆಟೋ ಹಿಡಿದು ಹೇರೋಹಳ್ಳಿಗೆ ಹೋದೆ.

ಊರು ಹೋಗಿ ಬರೀ ಮನೆಗಳಾಗಿವೆ, ರಸ್ತೆ ಮಾತ್ರ ಇನ್ನೂ ಬಂದಿಲ್ಲ. ಆಟೋದವನು ಗುಂಡಿಗೊಂದು ಬೈಗುಳ ಬೈಯುತ್ತ ಅರ್ಧಕ್ಕೇ ಇಳಿಸಿದ. ಪುಟ್ಟಸ್ವಾಮಿ ಮನೆ ಕೇಳಿದರೆ ಒಬ್ಬರು, “ಅವರು ಹೋಗಿ ತುಂಬಾ ವರ್ಷ ಆಯ್ತಲ್ಲ ಸಾರ್, ಜಯಮ್ಮೋರು ಇದಾರೆ” ಎಂದು ತೋರಿಸಿದರು. ಮಹಡಿಯಲ್ಲಿ ಊಟ ಹಂಚುವ ಹುಡುಗರು ಬಾಡಿಗೆಗೆ ಇದ್ದರು, ಅವರ ಬೈಕುಗಳ ನಡುವೆ ಜಾಗ ಮಾಡಿಕೊಂಡು ಆಕೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಯಾರು ಸ್ವಾಮಿ?”

ಹೆಸರು ಹೇಳಿದೆ. ಬ್ಯಾಂಕಿನಲ್ಲಿದ್ದೆ, ಪುಟ್ಟಸ್ವಾಮಿಯವರಿಗೆ ಒಂದು ಕಾಗದ ಕೊಟ್ಟಿದ್ದೆ ಅಂದೆ.

“ಆ ಕಾಗ್ದ ಕೊಟ್ಟೋರು ನೀವೇನಾ,” ಅಂದರು. ಕೈ ನಿಂತಿತು.

ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಪಟ್ಟಿ, ಗೀಟು, ಹನ್ನೊಂದು ತಿಂಗಳು, ಸೀಲು. ಅಲ್ಲಿನ ದುಡ್ಡು ನಿಜವಾಗಿ ಬಿದ್ದಿತ್ತು, ನಿಮ್ಮ ಯಜಮಾನರು ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ ಅಂದೆ. ಎಷ್ಟು ವರ್ಷ ಕಟ್ಟಿಟ್ಟಿದ್ದ ಮಾತು, ಹತ್ತು ನಿಮಿಷದಲ್ಲಿ ಮುಗಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆಕೆ ಮೊರವನ್ನು ಪಕ್ಕಕ್ಕೆ ಸರಿಸಿದರು.

“ಸಾಯೋ ಹಿಂದಿನ ವಾರನೂ ಅದೇ ಅಂದ್ರು. ದುಡ್ಡು ಬಿದ್ದೋಗಿತ್ತು ಕಣೇ ಜಯಾ ಅಂತ. ನಾನು ಮುಖ ಆ ಕಡೆ ಮಾಡ್ಕೊಂಡೆ. ಆ ಮೂಲೇಲಿ ಸೀಮೆಎಣ್ಣೆ ಸ್ಟವ್ ಇಟ್ಕೊಂಡು ಬೇಯಿಸ್ಕೊಂಡು ತಿಂದ್ರು ಸ್ವಾಮಿ, ಸಾಯೋಗಂಟ. ಜ್ವರ ಬಂದು ಮಲಗಿದಾಗ್ಲೂ ನಾನೊಂದು ಲೋಟ ಗಂಜಿ ಕೊಡ್ಲಿಲ್ಲ.”

“ನಿಮ್ಮ ತಪ್ಪಲ್ಲಮ್ಮ. ತಪ್ಪು ನನ್ನದು. ಅದನ್ನ ಹೇಳೋಕೇ ಬಂದೆ.”

“ಹೇಳಿದ್ರಿ, ನಿಮಗೆ ಹಗುರಾಯ್ತು. ಇಷ್ಟು ವರ್ಷ ತಪ್ಪು ಅವ್ರದು ಅಂದ್ಕೊಂಡು ಹೆಂಗೋ ಬದುಕ್ಬಿಟ್ಟೆ. ಇನ್ಮೇಲೆ ನಾನೇನು ಅಂದ್ಕೊಂಡು ಬದುಕ್ಲಿ?”

ಎದ್ದೆ. ಚಪ್ಪಲಿ ಮೆಟ್ಟುತ್ತಿದ್ದಾಗ ಆಕೆ ಮತ್ತೆ ಕರೆದರು.

“ಗೊತ್ತಿಲ್ದೆ ಇದ್ದಾಗ ಗೀಟು ಹಾಕಿದ್ರಿ ಅಂದ್ರಲ್ಲ ಸ್ವಾಮಿ. ಹಾಕ್ದೆ ಖಾಲಿ ಬಿಟ್ಟಿದ್ರೆ ಏನಾಗ್ತಿತ್ತು?”

“ಸಾಹೇಬರು ಬೈತಿದ್ರು.”

“ಅಷ್ಟೇನಾ?”

“ಅಷ್ಟೇ,” ಅಂದೆ.